ದೊಡ್ಡಮ್ಮನ ಕೈಯಲ್ಲಿದ್ದ ಮೂರನೇ ಗೇರು

ಬೆಳಿಗ್ಗೆ ಎಂದಿನ ಹಾಗೆಯೇ ಶುರುವಾಗಿತ್ತು. ಹಾಲಿಟ್ಟು, ಬಾಗಿಲಿಗೆ ನೀರು ಹಾಕಿ, ಎರಡೆಳೆ ರಂಗೋಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಹಾಲು ಉಕ್ಕುವುದಕ್ಕೆ ಬಂದಿತ್ತು. ಮನೆಯವರ ಡಬ್ಬಿಗೆ ಚಪಾತಿ, ಹೀರೇಕಾಯಿ ಪಲ್ಯ. ಅವರು ಹೊರಟ ಮೇಲೆ ಉಳಿದ ಕಾಫಿಯನ್ನು ಬಿಸಿ ಮಾಡಿಕೊಂಡು ನಿಂತೇ ಕುಡಿದೆ. ನೆಲ ಒರೆಸಲು ಹೋದರೆ ಬಟ್ಟೆ ಪೂರ್ತಿ ಜಾಳಾಗಿತ್ತು. ಬೀರುವಿನ ಕೆಳಗಿನ ಅರೆಯಿಂದ ಒಂದು ಹಳೇ ನೂಲಿನ ಸೀರೆ ತೆಗೆದು, ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ, ಎರಡೂ ಕೈಯಿಂದ ಎಳೆದೆ. ಒಗೆದೂ ಒಗೆದೂ ಮೆತ್ತಗಾದ ಸೀರೆ ಹರಿಯುವಾಗ ಸಣ್ಣಗೆ ಧೂಳೇಳುತ್ತದೆ. ನುಸಿಗುಳಿಗೆ, ಸೀಗೇಪುಡಿ, ಎಷ್ಟೋ ವರ್ಷಗಳ ಬಿಸಿಲು, ಎಲ್ಲ ಸೇರಿದ ಒಂದು ವಾಸನೆ. ಮೊದಲ ಪಟ್ಟಿ ಬೇಕಾದ್ದಕ್ಕಿಂತ ಸಣ್ಣದಾಗಿ, ನಾಲ್ಕು ಬೆರಳಗಲ ಬಂತು. ಅದನ್ನು ಕೈಗೆ ಸುತ್ತಿಕೊಂಡವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಪಕ್ಕದ ಮನೆಯ ದೊಡ್ಡಮ್ಮ ಕಾರಿನ ಗೇರಿನ ಕಡ್ಡಿಗೆ ಸುತ್ತುತ್ತಿದ್ದದ್ದು ಇಂಥದೇ ಪಟ್ಟಿ.

ಹಾಸನದ ನಮ್ಮ ತವರುಮನೆಯ ಗೋಡೆಗೆ ಗೋಡೆ ಅಂಟಿಕೊಂಡಂತೆ ಅವರ ಮನೆ. ರಕ್ತಸಂಬಂಧವೇನೂ ಇರಲಿಲ್ಲ. ಆದರೂ ನಾನು ಮಾತು ಕಲಿತಾಗಿನಿಂದ ಅವರು ದೊಡ್ಡಮ್ಮ, ಅವರ ಯಜಮಾನರು ದೊಡ್ಡಪ್ಪ. ದೊಡ್ಡಪ್ಪನದು ಕೊಬ್ಬರಿ ವ್ಯಾಪಾರ. ವಾರಕ್ಕೊಮ್ಮೆ ಚನ್ನರಾಯಪಟ್ಟಣದ ಸಂತೆಗೆ ಹೋಗುತ್ತಿದ್ದರು, ಮಧ್ಯೆ ಹೊಳೇನರಸೀಪುರ, ಹಳೇಕೋಟೆ ಕಡೆ ತೋಟಗಳಿಗೆ. ಹಣೆಗೆ ಮೂರು ಬೆರಳಿನ ವಿಭೂತಿ, ಬಿಳೀ ಅಂಗಿ, ಬಿಳೀ ಪಂಚೆ, ಬಿಳೀ ಅಂಬಾಸಿಡರ್ ಕಾರು. ಕಾರು ಅವರ ಕೈಗೆ ಬರುವ ಹೊತ್ತಿಗೇ ಮುದಿಯಾಗಿತ್ತು. ಅದರ ಗೇರು ಈಗಿನ ಕಾರುಗಳ ಹಾಗೆ ಕೆಳಗಿರಲಿಲ್ಲ, ಸ್ಟೇರಿಂಗಿನ ಕೊರಳಿನಿಂದ ಎಡಕ್ಕೆ ಚಾಚಿಕೊಂಡ ಒಂದು ಕಬ್ಬಿಣದ ಕಡ್ಡಿ. ತನ್ನತ್ತ ಎಳೆದರೆ ಒಂದು, ಒತ್ತಿ ಇಳಿಸಿದರೆ ಇನ್ನೊಂದು. ನೋಡುವವರಿಗೆ ದೊಡ್ಡಪ್ಪ ರಾಗಿ ಬೀಸುತ್ತಿದ್ದಾರೇನೋ ಅನ್ನಿಸುತ್ತಿತ್ತು.

ಆ ಕಾರಿಗೆ ಒಂದು ಕಾಯಿಲೆ. ಮೂರನೇ ಗೇರು ನಿಲ್ಲುತ್ತಿರಲಿಲ್ಲ. ಹಾಕಿದಾಗ ಕೂರುತ್ತಿತ್ತು, ಆದರೆ ಇಳಿಜಾರಿನಲ್ಲಿ ಕಾಲು ಸಡಿಲ ಬಿಟ್ಟ ಕೂಡಲೇ ಕಡ್ಡಿ ಟಕ್ಕೆಂದು ಜಾರಿ ಗಾಡಿ ಲಗಾಮಿಲ್ಲದ ಕುದುರೆಯಾಗುತ್ತಿತ್ತು. ಒಮ್ಮೆ ಹಾಗೇ ಓಡಿ ಮೋರಿಕಟ್ಟೆಗೆ ಗುದ್ದಿ ನಿಂತಿತಂತೆ. ಅಂದಿನಿಂದ ದೊಡ್ಡಮ್ಮ ಜೊತೆಗೆ ಹೋಗತೊಡಗಿದರು. ಮುಂದಿನ ಉದ್ದನೆಯ ಸೀಟಿನಲ್ಲಿ ದೊಡ್ಡಪ್ಪನ ಎಡಕ್ಕೆ ಕೂತು, ಬಲಗೈಯ ಬಳೆಗಳನ್ನು ಮೊಣಕೈವರೆಗೆ ತಳ್ಳಿಕೊಂಡು ಕಾಯುತ್ತಿದ್ದರು. ದೊಡ್ಡಪ್ಪ ಮೂರಕ್ಕೆ ಹಾಕಿ, "ಇಡ್ಕಂಡ್ಯಾ?" ಅನ್ನುತ್ತಿದ್ದರು. "ಊಂ, ಇಡ್ಕಂಡೆ," ಎಂದು ದೊಡ್ಡಮ್ಮ ಕಡ್ಡಿಯನ್ನು ಅಮುಕಿ ಹಿಡಿಯುತ್ತಿದ್ದರು. ಟಾಪ್ ಗೇರಿಗೆ ಹೋಗುವಾಗ, "ಬುಡು." ಅಷ್ಟೇ ಅವರ ಮಾತು. ಬರೀ ಕಬ್ಬಿಣಕ್ಕೆ ಅಂಗೈ ಬೊಬ್ಬೆ ಬರುತ್ತಿತ್ತೆಂದು ಹಳೇ ಸೀರೆಯ ಪಟ್ಟಿ ಹರಿದು ಕಡ್ಡಿಗೆ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ ಇಟ್ಟಿದ್ದರು. ಬಣ್ಣ ಮಾತ್ರ ಬದಲಾಗುತ್ತಿತ್ತು. ದೀಪಾವಳಿ ಕಳೆದ ಮೇಲೆ ಒಂದು, ಯುಗಾದಿ ಕಳೆದ ಮೇಲೆ ಇನ್ನೊಂದು...

ಬೀದಿಗೆಲ್ಲ ಇದೊಂದು ತಮಾಷೆ. ಮೂಲೆ ಹೋಟೆಲಿನವರು ಕಾರು ಬಂದದ್ದು ಕಂಡರೆ ಸಾಕು, "ಬನ್ನಿ ಸಾ. ನೀವು ಕ್ಲಚ್ಚು, ನಮ್ಮಮ್ಮಾವ್ರು ಗೇರು. ಹಾರನ್ ಒಡಿಯಕ್ಕೆ ನಮ್ಮನ್ನ ಮಡಿಕಳಿ," ಎನ್ನುತ್ತಿದ್ದರು. ದೊಡ್ಡಪ್ಪ ಮೀಸೆಯಲ್ಲೇ ನಗುತ್ತಿದ್ದರು. ನಮ್ಮಪ್ಪ ಎಷ್ಟೋ ಸಲ, "ಅಣ್ಣಾ, ಒಂದ್ ದಿನ ಗ್ಯಾರೇಜಿಗೆ ಬಿಟ್ರೆ ಆಗೋಗುತ್ತಲ್ಲ," ಎಂದು ಹೇಳಿದ್ದರು. "ಬಿಡಾನ ಬಿಡಾನ," ಎಂದು ಅವರು ಮಾತು ಬೇರೆಡೆ ತಿರುಗಿಸುತ್ತಿದ್ದರು. ಜಿಪುಣ ಎಂದು ಬೀದಿ ತೀರ್ಮಾನಿಸಿತ್ತು.

ನನಗೆ ದೊಡ್ಡಮ್ಮನ ಮುಖ ನೆನಪಿರುವುದೇ ಆ ಕಾರಿನ ಕಿಟಕಿಯಲ್ಲಿ. ಮನೆಯಲ್ಲಿ ಅವರು ಬೇರೆಯೇ ಮನುಷ್ಯರು. ಅವರ ಅತ್ತೆ ನಡುಮನೆಯ ಮಂಚದ ಮೇಲೆ ಕೂತಲ್ಲಿಂದಲೇ ಬಾಗಿಲು ಕಾಯುತ್ತಿದ್ದರು. ಸೊಸೆ ನಮ್ಮ ಮನೆಗೆ ಬರಬೇಕಾದರೂ ಹಿತ್ತಿಲ ಗೋಡೆಯ ಬಳಿ ನಿಂತು ಮಾತಾಡಬೇಕು. ದನಿ ಎತ್ತುವಂತಿಲ್ಲ, ನಗುವಂತಿಲ್ಲ. ಕಾರು ಹತ್ತಿದ ದಿನ ಮಾತ್ರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದುಂಡುಮಲ್ಲಿಗೆ ಮುಡಿದು, ಮೈ ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು. ಚನ್ನರಾಯಪಟ್ಟಣದಿಂದ ನನಗೆಂದು ಒಂದು ರಿಬ್ಬನ್ನೋ, ಕಾಗದದಲ್ಲಿ ಸುತ್ತಿದ ಖಾರಾಬೂಂದಿಯೋ ತರುತ್ತಿದ್ದರು. ಗೋಡೆಯ ಮೇಲಿಂದ ಅದನ್ನು ಕೊಡುವಾಗ ಅವರ ಬಲಗೈಯಿಂದ ಎಣ್ಣೆ, ಪೆಟ್ರೋಲು, ಮಲ್ಲಿಗೆ ಮೂರರ ವಾಸನೆ ಬರುತ್ತಿತ್ತು.

ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದಾಗ ಅಪ್ಪ ನನ್ನನ್ನು ಡ್ರೈವಿಂಗ್ ಸ್ಕೂಲಿಗೆ ಸೇರಿಸಿದರು. ಪುಟ್ಟ ಕಾರು, ಗೇರು ಕೆಳಗೆ, ಕಲಿಸುವವರ ಕಾಲಡಿ ಇನ್ನೊಂದು ಬ್ರೇಕು. ಲೈಸೆನ್ಸ್ ಬಂದ ಮೇಲೆ ಅದನ್ನು ಪರ್ಸಿನಲ್ಲಿಟ್ಟುಕೊಂಡು ತಿರುಗಿದ್ದೇ ಬಂತು, ಒಂದು ದಿನವೂ ಒಬ್ಬಳೇ ಗಾಡಿ ಓಡಿಸಿರಲಿಲ್ಲ. ಆ ದಿನಗಳಲ್ಲೇ ಒಂದು ಭಾನುವಾರ ಮಲ್ಲಿಪಟ್ಟಣದಲ್ಲಿ ದೊಡ್ಡಮ್ಮನ ತಂಗಿಯ ಮೊಮ್ಮಗುವಿನ ನಾಮಕರಣವಿತ್ತು. ನಮ್ಮ ಮನೆಗೂ ಕರೆದಿದ್ದರು. ಅಮ್ಮನಿಗೆ ಬಿಡುವಿರಲಿಲ್ಲ. ಮಗುವಿನ ಬಟ್ಟೆ, ಬೆಳ್ಳಿ ಉಡಿದಾರ ನನ್ನ ಕೈಗೆ ಕೊಟ್ಟು ಅವರ ಕಾರಿನಲ್ಲೇ ಕಳಿಸಿದರು.

ಊಟ ಮುಗಿಸಿ ಹೊರಟಾಗ ಬಿಸಿಲು ಇನ್ನೂ ನೆತ್ತಿಯ ಮೇಲಿತ್ತು. ನಾನು ಹಿಂದೆ ಕೂತು ತೂಕಡಿಸುತ್ತಿದ್ದೆ. ಅರಕಲಗೂಡು ದಾಟಿ ಸ್ವಲ್ಪ ದೂರ ಬಂದಿದ್ದೆವು. ದೊಡ್ಡಮ್ಮ, "ಯಾಕ್ರೀ, ಬ್ಯವ್ರು ಈಪಾಟಿ ಸುರಿತೈತೆ?" ಎಂದದ್ದು ಕೇಳಿ ಕಣ್ಣು ಬಿಟ್ಟೆ. ದೊಡ್ಡಪ್ಪನ ಕತ್ತಿನ ಹಿಂದೆ ಬಿಳೀ ಅಂಗಿ ಪೂರ್ತಿ ಒದ್ದೆಯಾಗಿ ಮೈಗೆ ಅಂಟಿತ್ತು. ಅವರು ಕಾರನ್ನು ಎಡಕ್ಕೆ ಹುಣಿಸೇಮರದ ಕೆಳಗೆ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಸ್ಟೇರಿಂಗಿನ ಮೇಲೆ ತಲೆಯಿಟ್ಟರು. ಅಷ್ಟು ಅಚ್ಚುಕಟ್ಟಾಗಿ... ಹಾರನ್ ಕೂಡ ಒತ್ತಿಕೊಳ್ಳಲಿಲ್ಲ.

ದೊಡ್ಡಮ್ಮ ಕೂಗಲಿಲ್ಲ. "ಏನೂಂದ್ರೆ, ಏನೂಂದ್ರೆ," ಎಂದು ಅವರ ತೋಳು ಅಲುಗಿಸುತ್ತ ಕೂತರು. ದೊಡ್ಡಪ್ಪನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಬಾಯಿ ಒಂದು ಕಡೆ ವಾಲಿತ್ತು, ಕಣ್ಣು ಮಾತ್ರ ತೆರೆದೇ ಇತ್ತು. ಹೊಲದಲ್ಲಿದ್ದ ರೈತರೊಬ್ಬರು ನಮ್ಮನ್ನು ನೋಡಿ ಓಡಿಬಂದರು. ಮೂವರೂ ಸೇರಿ ಅವರನ್ನು ಹಿಂದಿನ ಸೀಟಿಗೆ ಹೊತ್ತು ಹಾಕುವಾಗ ಅವರ ಒಂದು ಚಪ್ಪಲಿ ಮರದಡಿಯೇ ಉಳಿಯಿತು.

"ಬಸ್ಸು ಈಗ್‌ತಾನೆ ಓಯ್ತಲ್ರವ್ವ," ಎಂದರು ಆ ರೈತರು, ರಸ್ತೆಯ ಎರಡೂ ಕಡೆ ನೋಡುತ್ತ. "ನಂಗೆ ಗಾಡಿ ಬುಡಕ್ಕೆ ಬರಾಕಿಲ್ಲ. ಅರ್ಕಲ್ಗೂಡೇ ಅತ್ರ, ತಿರುಗ್ಸ್ಕಳಿ, ಬಿರ್ರನೆ ತಿರುಗ್ಸ್ಕಳಿ."

ತಿರುಗಿಸಬೇಕಾದರೆ ರಿವರ್ಸ್ ಹಾಕಬೇಕು. ಕಿರಿದಾದ ರಸ್ತೆ, ಎರಡೂ ಬದಿ ಚರಂಡಿ, ಅಷ್ಟುದ್ದದ ಕಾರು. ನಾನು ಡ್ರೈವರ್ ಸೀಟಿನಲ್ಲಿ ಕೂತು ಕಡ್ಡಿಯನ್ನು ಎಳೆದೆ, ಒತ್ತಿದೆ, ಮೇಲೆತ್ತಿದೆ. ಒಳಗೆಲ್ಲೋ ಹಲ್ಲು ಕಡಿದ ಶಬ್ದ ಬಂತೇ ಹೊರತು ರಿವರ್ಸ್ ಸಿಗಲಿಲ್ಲ. "ಹೆಂಗೆ ಹಾಕ್ತಾರೆ ದೊಡ್ಡಮ್ಮಾ?" ಎಂದರೆ ಅವರು ಗೊತ್ತಿಲ್ಲವೆಂದು ತಲೆಯಾಡಿಸಿದರು. ರಿವರ್ಸಿಗೆ ಯಾವತ್ತೂ ಅವರ ಕೈ ಬೇಕಾಗಿರಲಿಲ್ಲ. ಆಗೆಲ್ಲ ಅವರು ಹಿಂದೆ ತಿರುಗಿ ಕೋಳಿ, ಮಕ್ಕಳು ಅಡ್ಡ ಬರುತ್ತವೋ ಎಂದು ನೋಡುತ್ತಿದ್ದರು. ದೊಡ್ಡಪ್ಪ ಅದನ್ನು ಹೇಗೆ ಹಾಕುತ್ತಾರೆಂಬುದನ್ನು ಇಷ್ಟು ವರ್ಷದಲ್ಲಿ ಅವರು ಕಂಡಿರಲೇ ಇಲ್ಲ.

"ಮುಂದ್ಕೇ ನಡಿ ಕಣವ್ವ," ಎಂದರು. "ಆಸನಕ್ಕೇ ನಡಿ. ನೀನು ಕ್ಲಚ್ ತುಳಿ, ಗೇರು ನಾನಾಕ್ತೀನಿ."

ಹಾಗೆ ಹೊರಟೆವು. ಸ್ಟೇರಿಂಗು ಬಾವಿ ರಾಟೆಯಷ್ಟು ಭಾರವಿತ್ತು. ನನ್ನ ಕಾಲು ಕ್ಲಚ್ಚಿಗೆ ಎಟುಕಬೇಕಾದರೆ ಸೀಟಿನ ತುದಿಗೆ ಬರಬೇಕಿತ್ತು. ನಾನು ತುಳಿದಾಗ ದೊಡ್ಡಮ್ಮ ಒಂದು ಹಾಕಿದರು. ಎರಡಕ್ಕೂ ಹಾಕಿದರು. ನೋಡಿ ನೋಡಿಯೇ ಅವರ ಕೈಗೆ ಅಷ್ಟು ಬಂದಿತ್ತು. ಕಾರು ಏದುತ್ತ ಓಡಿತು. ಎರಡನೇ ಗೇರಿನಲ್ಲಿ ಎಂಜಿನ್ನು ಅರಚತೊಡಗಿತು.

"ದೊಡ್ಡಮ್ಮಾ, ಮೂರು ಹಾಕಿ."

"ಬ್ಯಾಡ."

"ದೊಡ್ಡಮ್ಮಾ, ಎಂಜಿನ್ ಕಿರುಚ್ತಿದೆ. ಹಿಂಗೆ ಹೋದ್ರೆ ಯಾವಾಗ ತಲುಪ್ತೀವಿ?"

"ಮೂರು ನಿಲ್ಲಾಕಿಲ್ಲ ಕಣವ್ವ. ಬಿದ್ದೋದ್ರೆ ಅವ್ರಿಗಾದ್ರೆ ಮತ್ತೆ ಆಕಕ್ಕೆ ಬತ್ತದೆ, ನಿಂಗೆ ಬರಾಕಿಲ್ಲ. ಮುಂದೆಲ್ಲ ಇಳಿಜಾರು. ಮೂವರೂ ಓಗ್ಬುಡ್ತೀವಿ."

ಅವರು ಎರಡೂ ಕೈಯಿಂದ ಕಡ್ಡಿಯನ್ನು ಎರಡನೇ ಗೇರಿನಲ್ಲೇ ಒತ್ತಿ ಹಿಡಿದರು. ನಾನು ಇನ್ನೂ ಎರಡು ಮೂರು ಸಲ ಕೇಳಿರಬೇಕು. ಅವರ ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು. ಮೋರಿಕಟ್ಟೆಗೆ ಗುದ್ದಿ ಬಂದ ಕಾರನ್ನು ಕಂಡಿದ್ದವರು ಅವರು, ನಾನಲ್ಲ.

ಆ ರಸ್ತೆಯಲ್ಲಿ ಎಷ್ಟು ಏರು, ಎಷ್ಟು ಇಳಿಜಾರು ಇವೆಯೆಂದು ಅಂದು ನನಗೆ ಗೊತ್ತಾಯಿತು. ಟ್ರ್ಯಾಕ್ಟರುಗಳು ನಮ್ಮನ್ನು ಹಿಂದೆ ಹಾಕಿದವು. ಸೈಕಲ್ಲಿನವನೊಬ್ಬ ಇಳಿಜಾರಿನಲ್ಲಿ ನಮ್ಮ ಪಕ್ಕದಲ್ಲೇ ಬಂದು ಕಿಟಕಿಯೊಳಗೆ ಇಣುಕಿ, ನಗುತ್ತ ಏನೋ ಹೇಳಿ ಮುಂದೆ ಹೋದ. ಆಲೂಗಡ್ಡೆ ಹೊಲಗಳಲ್ಲಿ ಹೆಂಗಸರು ಬಗ್ಗಿ ಕೆಲಸ ಮಾಡುತ್ತಿದ್ದವರು ಆ ಅರಚಾಟಕ್ಕೆ ತಲೆಯೆತ್ತಿ ನೋಡಿದರು, ಮತ್ತೆ ಬಗ್ಗಿದರು. ಅದೊಂದು ಸಾಮಾನ್ಯ ಭಾನುವಾರ ಅವರಿಗೆ. ಕಾರಿನೊಳಗೆ ಸುಟ್ಟ ಎಣ್ಣೆಯ ವಾಸನೆ ತುಂಬಿತ್ತು. ದೊಡ್ಡಮ್ಮ "ಶಿವನೇ, ಶಿವನೇ" ಎನ್ನುತ್ತಿದ್ದರು. ನನ್ನ ಬಾಯಲ್ಲಿ ಕಾನ್ವೆಂಟಿನ ಅಸೆಂಬ್ಲಿಯ ಪ್ರಾರ್ಥನೆ ತಾನಾಗಿ ಬರುತ್ತಿತ್ತು, ಅರ್ಥವಿಲ್ಲದೆ, ಒಂದೇ ಸಾಲು, ಮತ್ತೆ ಮತ್ತೆ ಅದೇ ಸಾಲು...

ಹಿಂದಿನಿಂದ ದೊಡ್ಡಪ್ಪನ ಕೈ ನಮ್ಮ ಸೀಟಿನ ಬೆನ್ನನ್ನು ತಟ್ಟುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ತಟ್ಟುತ್ತಿತ್ತು. ಒಂದು ಸಲ ದೊಡ್ಡಮ್ಮನ ಭುಜವನ್ನೇ ಹಿಡಿದೆಳೆಯಿತು. "ನೀರು ಬೇಕೇನೋ," ಎಂದೆ ನಾನು. ದೊಡ್ಡಮ್ಮ ಕಡ್ಡಿಯಿಂದ ಕೈ ತೆಗೆಯದೆ ಕತ್ತು ಮಾತ್ರ ತಿರುಗಿಸಿ, "ಇನ್ನೇನು ಬಂತು ಕಣ್ರೀ, ಇಡ್ಕಂಡಿವ್ನಿ, ಬುಡಾಕಿಲ್ಲ, ನೀವು ಯೋಚ್ನೆ ಮಾಡ್ಬ್ಯಾಡಿ," ಎಂದರು. ಊರು ಹತ್ತಿರ ಬರುವ ಹೊತ್ತಿಗೆ ತಟ್ಟುವುದು ನಿಂತಿತ್ತು. ಅದು ನಿಂತದ್ದು ನಮ್ಮಿಬ್ಬರಿಗೂ ತಿಳಿದಿತ್ತು.

ಆಸ್ಪತ್ರೆಯಲ್ಲಿ ಅವರ ಉಸಿರು ಇನ್ನೂ ಇತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಯಿತು. ಡಾಕ್ಟರು ಒಳ್ಳೆಯವರು, ಮೆತ್ತಗೆ ಮಾತಾಡುವವರು. "ಇನ್ನೊಂದರ್ಧ ಗಂಟೆ ಮುಂಚೆ ತಂದಿದ್ದರೆ ನೋಡಬಹುದಿತ್ತೇನೋ," ಎಂದರು, ಯಾರಿಗೂ ಅಲ್ಲವೆಂಬಂತೆ. ದೊಡ್ಡಮ್ಮ ಗೋಡೆಗೆ ಒರಗಿ ನಿಂತಿದ್ದರು. ಬಳೆಗಳು ಇನ್ನೂ ಮೊಣಕೈ ಬಳಿಯೇ ಇದ್ದವು. ಅವನ್ನು ಕೆಳಗಿಳಿಸಲು ನಾನು ಹೋದಾಗ ಅವರ ಅಂಗೈ ಕಂಡಿತು. ಸೀರೆಯ ನೂಲಿನ ಅಚ್ಚು ಚರ್ಮದ ಮೇಲೆ ಕೆಂಪಗೆ ಮೂಡಿತ್ತು.

ಕಾರು ಎಷ್ಟೋ ತಿಂಗಳು ಅವರ ಮನೆ ಮುಂದೆ ನಿಂತಿತ್ತು, ಆಮೇಲೆ ಯಾರೋ ಎಳೆದುಕೊಂಡು ಹೋಗಿ ಗುಜರಿಗೆ ಹಾಕಿದರು. ನನ್ನ ಮದುವೆಯಾಯಿತು, ಅದೇ ಊರಿನ ಇನ್ನೊಂದು ಬಡಾವಣೆಗೆ ಬಂದೆ. ತವರಿಗೆ ಹೋದಾಗಲೆಲ್ಲ ಗೋಡೆಯ ಬಳಿ ನಿಲ್ಲುತ್ತಿದ್ದೆ. ಅವರ ಅತ್ತೆ ತೀರಿಹೋಗಿದ್ದರೂ ದೊಡ್ಡಮ್ಮ ಗೋಡೆಯ ಆಚೆಯಿಂದಲೇ ಮಾತಾಡುತ್ತಿದ್ದರು. ಯಾರು ಕರೆದರೂ ಕಾರು ಹತ್ತುತ್ತಿರಲಿಲ್ಲ. ಬಸ್ಸಿನಲ್ಲಿ ಕೂಡ ಡ್ರೈವರು ಕಾಣದ ಹಾಗೆ ಹಿಂದಿನ ಸೀಟು ಹುಡುಕುತ್ತಿದ್ದರು. ಗೇರು ಬದಲಾಯಿಸುವ ಶಬ್ದ ಕೇಳಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ, ನಾನು ಕೇಳದೆಯೇ ಹೇಳಿದರು. ಹಪ್ಪಳ ಒಣಹಾಕುತ್ತಿದ್ದರು, ನನ್ನ ಕಡೆ ನೋಡಲಿಲ್ಲ.

"ರಿಪೇರಿ ಮಾಡಿಸ್ಬ್ಯಾಡಿ ಅಂದೋಳು ನಾನೇ ಕಣವ್ವ."

ಇನ್ನೊಂದು ಹಪ್ಪಳ ತೆಗೆದು ಹರಡಿದರು.

"ಅವ್ರು ಗ್ಯಾರೇಜಿಗೆ ಬುಡ್ತೀನಿ ಅಂದಾಗೆಲ್ಲ ನಾನು ಅತ್ತಿವ್ನಿ. ಗೇರು ನೆಟ್ಗಾದ್ರೆ ನನ್ನ ಯಾವ್ ನೆಪಕ್ಕೆ ಆಚೆಗೆ ಕರ್ಕೊಂಡೋಗ್ತಾರೆ ಏಳು? ಅತ್ತೆ ಬುಟ್ಟಾರಾ? 'ಅವ್ಳಿಲ್ದೆ ಗಾಡಿ ಓಡಾಕಿಲ್ಲ ಕಣವ್ವ' ಅಂತ ಅವ್ರು ಅವ್ವಂಗೆ ಏಳೋರು. ಆ ಒಂದ್ ಮಾತ್ಗೆ ನಾನು ಪಟ್ಣದ ಸಂತೆ ಕಂಡೆ, ವಳೆ ಕಂಡೆ, ಜನ ಕಂಡೆ." ಒಂದು ಹಪ್ಪಳ ಮಡಿಸಿಕೊಂಡಿತ್ತು, ಅದನ್ನು ಬಿಡಿಸಿ ಸರಿ ಮಾಡಿದರು. "ನಾನು ತಿರುಗೋ ಆಸೆಗೆ ಅವ್ರ ಜೀವ ತಗಂಡೆ. ಮೂರ್ನೇದು ನೆಟ್ಗಿದ್ದಿದ್ರೆ ನೀನು ಅರ್ಧ ಗಂಟೇಲಿ ತಲ್ಪಸ್ತಿದ್ದೆ."

ಸಮಾಧಾನಕ್ಕೆ ನನಗೆ ಏನೇನೋ ಬಾಯಿಗೆ ಬಂತು. ವಿಧಿ ಎಂದೆ, ಆಯಸ್ಸು ಎಂದೆ. ಅವರು ಕೇಳಿಸಿಕೊಂಡರು, ಹಪ್ಪಳ ಹಾಕುವುದನ್ನು ಮುಂದುವರಿಸಿದರು. ಆಮೇಲೆ ಎಷ್ಟು ವರ್ಷ ಹೋದರೂ, ಮಾತು ಎಲ್ಲಿಂದ ಶುರುವಾದರೂ, ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಜ್ವರ ಬಂದರೆ, "ಅನುಭವಿಸ್ಬೇಕಲ್ಲ." ಹಬ್ಬಕ್ಕೆ ಒಬ್ಬಟ್ಟು ಕೊಟ್ಟರೆ, "ನಂಗ್ಯಾಕವ್ವ." ಆ ಹೆಂಗಸು ಒಂದು ದಿನವಾದರೂ ಹೊಟ್ಟೆ ತುಂಬ ನಗಲಿ ಎಂದು ನಾನು ಕಾದದ್ದು ದಂಡವಾಯಿತು.

ಹೋದ ವರ್ಷ ಮಳೆ ಹಿಡಿದ ಹೊತ್ತಿಗೆ ಅವರೂ ಹಾಸಿಗೆ ಹಿಡಿದರು. ನೋಡಲು ಹೋದಾಗ ಬಲಗೈಯಿಂದ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದು ಮಲಗಿದ್ದರು. ನೀರು ಕುಡಿಸೋಣವೆಂದು ಕೈ ಬಿಡಿಸಲು ಹೋದೆ. ನನ್ನ ಗುರುತು ಹತ್ತಲಿಲ್ಲ. "ಬ್ಯಾಡ ಕಣವ್ವ, ಇಳಿಜಾರು," ಎಂದರು. ನೀರನ್ನು ಚಮಚದಲ್ಲಿ ಹಾಗೇ ಹಾಕಿದೆ. ಆ ವಾರವೇ ಹೋದರು... ಕಂಬಿಯಿಂದ ಬೆರಳುಗಳನ್ನು ಬಿಡಿಸಿದವರು ಯಾರೋ, ನಾನು ಹೋಗುವ ಹೊತ್ತಿಗೆ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು.

ಇಷ್ಟೂ ನೆನಪಾಗಿ, ಇವತ್ತು ನೆಲ ಒರೆಸುವುದು ಅರ್ಧಕ್ಕೇ ಉಳಿಯಿತು.

ಸಂಜೆ ಪಕ್ಕದ ಮನೆಯಾಕೆ ಬಂದಳು. ನನಗಿಂತ ಚಿಕ್ಕವಳು, ಈಚೆಗೆ ನಮ್ಮ ಬೀದಿಗೆ ಬಂದವರು ಅವರು. ಅವಳಪ್ಪ ಹಾಸನದಲ್ಲೇ ಗ್ಯಾರೇಜು ಇಟ್ಟಿದ್ದರೆಂದು ಮೊದಲೊಮ್ಮೆ ಹೇಳಿದ್ದಳು, ಅದು ನನ್ನ ತಲೆಯಲ್ಲಿರಲಿಲ್ಲ. ನಮ್ಮ ಕಾಂಪೌಂಡಿನ ಕರಿಬೇವಿನ ಗಿಡದ ಹತ್ತಿರ ನಿಂತು, ಎಟುಕದ ಕೊಂಬೆಯನ್ನು ಬಗ್ಗಿಸುತ್ತ, "ಯಾಕಕ್ಕ, ಮುಖ ಸಪ್ಪಗಿದೆ?" ಎಂದಳು. ಆ ಭಾನುವಾರದ ವಿಷಯವೇನೂ ನಾನು ಹೇಳಲಿಲ್ಲ. ತವರುಮನೆ ಪಕ್ಕ ಒಬ್ಬ ದೊಡ್ಡಮ್ಮ ಇದ್ದರು, ಯಜಮಾನರ ಕಾರಿನ ಗೇರು ಹಿಡಿದುಕೊಂಡು ಕೂರುತ್ತಿದ್ದರು, ಹಾಗೇ ನೆನಪಾಯಿತು ಎಂದೆ.

"ಬಿಳೀ ಅಂಬಾಸಿಡರಾ? ಕೊಬ್ರಿ ಸಾಹುಕಾರ್ರದು?" ಅವಳಿಗೆ ನಗು ಬಂತು. "ಅಯ್ಯೋ ಅಕ್ಕ, ಅದು ನಮ್ಮಪ್ಪನ ಕೈಲೇ ಅಲ್ವಾ ಸರಿ ಆಗಿದ್ದು. ಸಾಹುಕಾರ್ರು ಒಂದಿನ ಒಬ್ರೇ ತಂದ್ಬಿಟ್ಟು, ಗೇರ್‌ಬಾಕ್ಸ್ ಇಳ್ಸಿ ಪೂರ್ತಿ ರಿಪೇರಿ ಮಾಡಿಸ್ಕೊಂಡ್ರಂತೆ. ಮೂರ್ನೇದು ಕಲ್ಲು ಕೂತಂಗೆ ಕೂತ್ಕೊಳ್ತಿತ್ತಂತೆ. 'ನಮ್ಮನೆಯೋಳ್ಗೆ ಮಾತ್ರ ಏಳ್ಬ್ಯಾಡ ಕಣಪ್ಪ, ಅವ್ಳು ಇಡ್ಕೊಂಡಿರ್ಲಿ' ಅಂದ್ರಂತೆ."

"ಯಾವಾಗ?" ಎಂದೆ.

"ನಾನಿನ್ನೂ ಪ್ರೈಮರಿ ಸ್ಕೂಲು. ಅದಾದ್ಮೇಲೂ ವರ್ಷಗಟ್ಲೆ ಗಂಡ ಹೆಂಡ್ತಿ ಹಂಗೇ ಗ್ಯಾರೇಜ್ ಮುಂದೆ ಹೋಗೋರು, ಆವಮ್ಮ ಗೇರ್ ಹಿಡ್ಕೊಂಡು, ಇವ್ರು ನಮ್ಮಪ್ಪನ್ನ ನೋಡಿ ಕಣ್ಣು ಮಿಟುಕಿಸ್ಕೊಂಡು. ಮನೇಲಿ ಅದನ್ನ ಹೇಳ್ಕೊಂಡು ನಮ್ಮಪ್ಪ ನಗ್ತಿದ್ರು."

ನನ್ನ ಕೈ ಕಾಂಪೌಂಡ್ ಗೋಡೆಯ ಮೇಲಿತ್ತು, ತೆಗೆಯಲಿಲ್ಲ. ದೊಡ್ಡಪ್ಪ ರಿಪೇರಿ ಮಾಡಿಸಿದ್ದರು ಎಂದು ಯಾರಾದರೂ ಒಬ್ಬರು ಹೇಳಿದ್ದರೆ ದೊಡ್ಡಮ್ಮನ ಎದೆಯ ಕಲ್ಲು ಇಳಿಯುತ್ತಿತ್ತು. ಹಾಗೆ ಹೇಳಿದ ಮರುಕ್ಷಣವೇ ಅವರಿಗೆ ಆ ರಸ್ತೆ ನೆನಪಾಗುತ್ತಿತ್ತು, ಎರಡನೇ ಗೇರಿನ ಆ ಅರಚಾಟ, ಹಿಂದಿನಿಂದ ಸೀಟು ತಟ್ಟುತ್ತಿದ್ದ ಆ ಕೈ, ಬೇಡ ಬೇಡ ಎಂದ ತಮ್ಮದೇ ದನಿ... ಅವರು ಇದ್ದಿದ್ದರೆ ನಾನು ಹೇಳುತ್ತಿದ್ದೆನೇ? ಈಗ ಹೇಳಲು ಅವರೂ ಇಲ್ಲ, ತವರಿನ ಗೋಡೆಯ ಆಚೆ ಯಾರೂ ಇಲ್ಲ.

ಅವಳು ಎಲೆಗಳನ್ನು ಸೆರಗಿಗೆ ಹಾಕಿಕೊಂಡು ಗೇಟಿನತ್ತ ನಡೆದಳು. ಚಿಲಕ ಹಾಕುತ್ತ ಒಮ್ಮೆ ತಿರುಗಿ, "ಪಾಪ, ಸುಮ್‌ಸುಮ್ನೆ ಹಿಡ್ಕೊಂಡಿದ್ರಲ್ಲ ಅಕ್ಕ ಆವಮ್ಮ," ಎಂದಳು. "ಬಿಟ್ಟಿದ್ರೂ ಏನೂ ಆಗ್ತಿರ್ಲಿಲ್ಲ."